ಎರಡನೆಯ ಸ್ಥಾನದ ಮೇಷ್ಟ್ರು

ಹಿಂದೂಪುರದಲ್ಲಿ ನನಗೆ ಸ್ಕೂಟಿ ಕಲಿಸಿದ ಡ್ರೈವಿಂಗ್ ಮೇಷ್ಟ್ರು ವಾರವೆಲ್ಲ ಬ್ರೇಕಿನ ಮಹಿಮೆ ಹೇಳುತ್ತಿದ್ದರು. ಭಾನುವಾರ ಮಾತ್ರ ಬ್ರೇಕೇ ಇಲ್ಲದ ಬೈಕು ಹತ್ತಿ ಮಣ್ಣಿನ ಟ್ರ್ಯಾಕಿನ ರೇಸಿಗೆ ಹೋಗುತ್ತಿದ್ದರು. ಭಯವಾಗುವುದಿಲ್ಲವೇ ಎಂದರೆ ಕನ್ನಡಕ ಒರೆಸುತ್ತಾ, "ಎರಡ್ನೇಯೋನೇ ಬುದ್ಧಿವಂತ ಕಣಮ್ಮ. ಗುಂಡಿ ಎಲ್ಲೈತೆ ಅಂತ ಮುಂದಿರೋನು ಬಿದ್ದು ತೋರುಸ್ತಾನೆ," ಅನ್ನುತ್ತಿದ್ದರು.

ಒಮ್ಮೆ ಕಲ್ಯಾಣದುರ್ಗದ ಹತ್ತಿರ ಅವರ ರೇಸು ನೋಡಲು ಹೋಗಿದ್ದೆ. ಮೊಟ್ಟೆಯಾಕಾರದ ಟ್ರ್ಯಾಕು, ತಿರುವುಗಳಲ್ಲಿ ಸಡಿಲ ಮಣ್ಣು. ಅರ್ಹತಾ ಸುತ್ತಿನಲ್ಲಿ ನಾಲ್ವರು, ಮೊದಲ ಇಬ್ಬರಿಗೆ ಫೈನಲ್ಲು. ಎಂದೂ ಫೈನಲ್ಲು ಕಾಣದಿದ್ದ ಮೇಷ್ಟ್ರು ಅಂದು ತಮ್ಮಲ್ಲೇ ಕಲಿತ, ಪರಿಗಿ ಊರಿನ ಶಿಷ್ಯನ ಜೊತೆ ಉಳಿದಿಬ್ಬರನ್ನು ಹಿಂದೆ ಹಾಕಿದ್ದರು.

ಕೊನೆಯ ತಿರುವಿನಲ್ಲಿ, ಮುಂದಿದ್ದ ಶಿಷ್ಯ ಗುರುವಿನ 'ಎರಡ್ನೇಯೋನ' ಪಾಠ ನೆನೆದು, ಆಕ್ಸಿಲರೇಟರ್ ಬಿಟ್ಟು ವೇಗ ತಗ್ಗಿಸಿದ. ಮೇಷ್ಟ್ರೂ ತಗ್ಗಿಸಿ, ಡ್ರೈವಿಂಗ್ ಸ್ಕೂಲಿನ ಶಿಸ್ತಿನಲ್ಲಿ ಕೈ ಬೀಸಿ 'ನೀನು ಮುಂದೆ ಹೋಗು' ಎಂದು ಸನ್ನೆ ಮಾಡಿದರು. ಶಿಷ್ಯನೂ ಅಷ್ಟೇ ಶಿಸ್ತಿನಿಂದ ಅದೇ ಸನ್ನೆ ಮಾಡಿದ. ಈ ಮರ್ಯಾದೆ ಮುಗಿಯುವಷ್ಟರಲ್ಲಿ ಹಿಂದಿದ್ದ ಇಬ್ಬರೂ ಧೂಳೆಬ್ಬಿಸಿಕೊಂಡು ದಾಟಿಹೋದರು.

"ತಪ್ಪಾಯ್ತು ಸಾರ್," ಎಂದು ಶಿಷ್ಯ ತಲೆ ತಗ್ಗಿಸಿ ನಿಂತ.

"ಪೋನೀಲೇ, ಹೋಗ್ಲಿ ಬಿಡು, ತಪ್ಪೇನೈತೆ? ಕೈ ಚೆನ್ನಾಗ್ ತೋರ್ಸ್ದೆ ಕಣ್ಲಾ," ಎಂದು ಮೇಷ್ಟ್ರು ಅವನ ಬೆನ್ನು ತಟ್ಟಿದರು.

ಫೈನಲ್ಲು ಶುರುವಾಯಿತು. ಎಲ್ಲರೂ ಬೇಲಿಗೆ ಮುಗಿಬಿದ್ದರು. ಮೇಷ್ಟ್ರು ಮಾತ್ರ ಟ್ರ್ಯಾಕಿಗೆ ಬೆನ್ನು ಮಾಡಿ ಕೂತು, ಬೂಟಿಗೆ ಅಂಟಿದ ಮಣ್ಣನ್ನು ಕಡ್ಡಿಯಿಂದ ಕೆರೆಯುತ್ತಿದ್ದರು. ಮಣ್ಣೆಲ್ಲ ಹೋದ ಮೇಲೂ ಕೆರೆಯುತ್ತಲೇ ಇದ್ದರು.