ಬತೂಲಳ ತಳದ ಪದರ

ಮೊರಾಕೊದ ಫೆಜ್ ಊರಿನ ನಮ್ಮ ಕಾಲೇಜಿನ ಪ್ರಾಜೆಕ್ಟಿಗೆ ನಾವು ಪೇಟೆಯ ಕಿರುಚಿತ್ರ ತೆಗೆದರೆ ಬತೂಲ್ ಸದ್ದು ಹಿಡಿಯುತ್ತಾಳೆ. ನಾವು ಬಾಯಿ ತೆರೆದರೆ 'ಶ್!' ಎನ್ನುತ್ತಾಳೆ. ಕತ್ತೆ ಹೊಡೆಯುವವನನ್ನೂ ಬಿಡುವುದಿಲ್ಲ: "ಮಾಮ, ಇನ್ನೊಂದ್ಸಲ 'ದಾರಿ ಬಿಡಿ' ಅನ್ನಿ. ಕತ್ತೆ ಚೆನ್ನಾಗಿ ಕೂಗ್ತು, ನೀವೇ ಸಪ್ಪೆ." ಪುದೀನ ಚಹಾ ಸುರಿಯುವ ಸದ್ದಿಗಾಗಿ ನಮಗೆ ಒಂಬತ್ತು ಲೋಟ ಕುಡಿಸಿದಳು, ಸೊರ್ ಎಂದರೆ ಗದರಿದಳು. ಹೀಗೆ ಚಿತ್ರಕ್ಕೆ ಒಂದರ ಮೇಲೊಂದು ಸದ್ದಿನ ಹದಿನಾಲ್ಕು ಪದರ ಪೇರಿಸಿದಳು. "ತಳದ ಪದರ ಬರೀ ನಡುಕ ಕಣಮ್ಮ, ಕಿವಿಗೇ ಬೀಳಲ್ಲ, ತೆಗೀ" ಎಂದರು ಮೇಷ್ಟ್ರು. ಅವಳು ತೆಗೆಯಲಿಲ್ಲ. ಪ್ರದರ್ಶನದ ದಿನ, ತಾಮ್ರದ ಹಂಡೆ ಬಡಿದು ಬಡಿದು ಕಿವುಡಾದ ಅವಳಪ್ಪ ಸ್ಪೀಕರಿನ ಮೇಲೆ ಅಂಗೈಯಿಟ್ಟು ಕೂತರು. ಮುಖ ಅರಳಿತು. "ಮಗಳೇ, ಇದು ನನ್ನ ಸುತ್ತಿಗೆ ಕಣೇ!" ಎಂದು ಸಭೆಯೆಲ್ಲ ಬೆಚ್ಚುವಂತೆ ಕೂಗಿದರು. ಅಂದು ಮೊದಲ ಸಲ ಬತೂಲ್ 'ಶ್' ಎನ್ನಲಿಲ್ಲ.