ಅಕ್ಕೋರು ಎಳೆದ ಗಡಿ

ಅಕ್ಕೋರ ಬಲಗೈಯ ಮೂರು ಬೆರಳು ಎರಡನೇ ಗೆಣ್ಣಿನ ತನಕ ಯಾವಾಗಲೂ ಬೆಳ್ಳಗೆ. ಅದು ಶೇಡಿ, ನಮ್ಮ ಕಡೆ ಗೋಡೆಯ ಮೇಲೆ ಚಿತ್ತಾರ ಬರೆಯುವ ಬಿಳಿಮಣ್ಣು. ಬೇರೆ ಹೆಂಗಸರು ಅದರಲ್ಲಿ ಹಸೆ ಬರೆದರೆ ಇವರು ಅಂಗಳದ ತುಂಬ ನಕಾಶೆ ಬರೆಯುತ್ತಿದ್ದರು. ಎಷ್ಟು ತೊಳೆದರೂ ಉಗುರಿನ ಸಂದಿಯದು ಹೋಗುತ್ತಿರಲಿಲ್ಲ. “ಊಟಕ್ಕೆ ಕೂರೋವಾಗಾದ್ರೂ ಚೆನ್ನಾಗಿ ತಿಕ್ಕಿ ತೊಳೀಲಾಗ್ದಾ ಅಕ್ಕೋರೆ?” ಎಂದು ಕೇಳಿದರೆ, “ಶೇಡಿ ತಿಂದು ಸತ್ತವ್ರನ್ನ ಆನು ನೋಡಿದ್ನಿಲ್ಲೆ ಮಾರಾಯ್ತಿ” ಎಂದು ಅದೇ ಕೈಯಲ್ಲಿ ಅನ್ನ ಕಲಸುತ್ತಿದ್ದರು.

ಸಿದ್ದಾಪುರದಿಂದ ಹೇರೂರ ಕಡೆ ಹೋಗುವ ರಸ್ತೆ ಬಿಟ್ಟು ಒಳಗೆ ತಿರುಗಿದರೆ ನಮ್ಮ ಕೇರಿ. ಕೇರಿಯ ತುದಿಯ ಮನೆ ಅಕ್ಕೋರದ್ದು, ಅದರ ಪಕ್ಕದ್ದು ನಮ್ಮದು. ಹೆಣ್ಣುಮಕ್ಕಳು ಶಾಲೆಯಲ್ಲಿ ಪಾಠ ಹೇಳಿದರೆ ನಮ್ಮಲ್ಲಿ ಅವರಿಗೆ ಅಕ್ಕೋರು ಅನ್ನುವುದು. ಇವರು ಯಲ್ಲಾಪುರ ತಾಲ್ಲೂಕಿನ ಮಾಗೋಡಿನ ಕಡೆ ಬಹಳ ವರ್ಷ ಇದ್ದು, ನಿವೃತ್ತಿಯಾದ ಮೇಲೆ ಇಲ್ಲಿಗೆ ಬಂದವರು. ಮದುವೆ ಆಗಿರಲಿಲ್ಲ. ಸಿರಸಿಯಲ್ಲಿ ಒಬ್ಬ ಅಣ್ಣನ ಮಗ ಇದ್ದ. ನಾನು ಹೊಲಿಗೆಯವಳು, ನನ್ನ ಗಂಡ ಲಾರಿ ಓಡಿಸುತ್ತಾರೆ. ಆಗ ನಾಲ್ಕನೇ ಇಯತ್ತೆಯಲ್ಲಿದ್ದ ನಮ್ಮ ಮಗಳು ಭೂಗೋಳ ಎಂದರೆ ಹೊಟ್ಟೆನೋವು ಎನ್ನುವವಳು. ಶಾಲೆ ಬಿಟ್ಟ ಮೇಲೆ ಅವಳ ಕೈಯಿಂದ ಮೊಬೈಲು ಬಿಡಿಸಲಾಗದೆ ನಾನು ಅವಳನ್ನು ಅಕ್ಕೋರ ಮನೆಗೆ ಅಟ್ಟಿದೆ. ಹಿಂದಿನಿಂದ ಕೇರಿಯ ಉಳಿದ ಮಕ್ಕಳೂ ಹೋದವು.

ಅಲ್ಲಿ ಪಾಠವೇ ಇರಲಿಲ್ಲ, ಬರೀ ತಿಂಡಿ ಮತ್ತು ಆಟ. ದೋಸೆ ಹಿಟ್ಟನ್ನು ಕಾವಲಿಯ ಮೇಲೆ ಸೌಟಿನಲ್ಲಿ ಎಳೆದು ಕರ್ನಾಟಕ ಮಾಡಿ ಕೊಡುವರು. ತಿನ್ನುವುದಕ್ಕೂ ಕಾಯಿದೆ. ಬೀದರಿನಿಂದ ಶುರುಮಾಡಬೇಕು, ಯಾವ ಜಿಲ್ಲೆ ಬಾಯಿಗೆ ಹೋಗುತ್ತದೋ ಅದರ ಹೆಸರು ಹೇಳಬೇಕು, ನಮ್ಮ ಜಿಲ್ಲೆಯನ್ನು ಕಡೆಗೆ ತಿನ್ನಬೇಕು. “ನಮ್ಮನೆಯ ನಾವೇ ಮೊದ್ಲು ನುಂಗಲಾಗ” ಎನ್ನುವರು. ಚಕ್ಕೋತದ ಸಿಪ್ಪೆಯ ಮೇಲೆ ಚಾಕುವಿನಲ್ಲಿ ಗೀರಿ ರೇಖಾಂಶ ತೋರಿಸಿ, ಬ್ಯಾಟರಿ ಬೆಳಕು ಬಿಟ್ಟು ಜಪಾನಿನಲ್ಲಿ ಬೆಳಗು ಮಾಡುವರು. ಒಗ್ಗರಣೆಗೆ ಮೆಣಸಿನಕಾಯಿ ಬೇಕೆಂದರೆ ಬ್ಯಾಡಗಿ ಯಾವ ದಿಕ್ಕಿಗೆ ಎಂದು ಬೆರಳು ತೋರಿಸಬೇಕು. ಉಪ್ಪಿನ ಡಬ್ಬಿ ಮುಟ್ಟುವ ಮೊದಲು ಪಡುವಣಕ್ಕೆ ತಿರುಗಬೇಕು, ಕುಮಟೆಯ ಉಪ್ಪಿನ ಆಗರ ಆ ಕಡೆ. ಮನೆಯ ಮಾಡಿಗೆ ಎರಡು ತಂಬಿಗೆ ನೀರು ಸುರಿಸಿ, ಈಚೆ ಇಳಿದದ್ದು ಅಘನಾಶಿನಿ, ಹತ್ತಿರದ ಸಮುದ್ರಕ್ಕೆ ಹೋಯಿತು, ಆಚೆ ಇಳಿದದ್ದು ವರದೆ, ಬನವಾಸಿ ನೋಡಿಕೊಂಡು ಇಡೀ ದೇಶ ದಾಟಿ ಮತ್ತೊಂದು ಸಮುದ್ರ ಸೇರಿತು ಎನ್ನುವರು. ನಮ್ಮ ಮಗಳು ಮನೆಗೆ ಬಂದು ನನಗೇ ಪರೀಕ್ಷೆ ಮಾಡತೊಡಗಿದಳು. ಸೂಜಿಗೆ ದಾರ ಪೋಣಿಸುವಾಗ “ಅಮಾ, ನಿನ್ನ ಬೆನ್ನು ಯಾವ ದಿಕ್ಕಿಗಿದ್ದು?” ಎಂದು ಕೇಳಿದರೆ ಯಾರಿಗೆ ತಾನೆ ಸಿಟ್ಟು ಬರುವುದಿಲ್ಲ?

ಮಕ್ಕಳಿಗೆ ಎಲ್ಲಕ್ಕಿಂತ ಪ್ರೀತಿಯದ್ದು ಊರಿನ ನಕಾಶೆ. ಅಂಗಳದಲ್ಲಿ ಶೇಡಿಯಿಂದ ಕೇರಿ, ಹಳ್ಳ, ಶಾಲೆ, ಹಿಂದಿನ ಗುಡ್ಡ, ಎಲ್ಲ ಬರೆದಿರುತ್ತಿದ್ದರು. ದಾರಿಯಲ್ಲಿ ಏನು ಕಂಡಿತೋ ಅದನ್ನು ಮಕ್ಕಳು ಬಂದು ಅಲ್ಲೇ ಗುರುತು ಮಾಡಬೇಕು. ನವಿಲು ಕಂಡರೆ ಗುಲಗಂಜಿ, ಕಾಡುಕೋಣ ಕಂಡರೆ ಹುಣಸೆಬೀಜ, ಸತ್ತ ಪ್ರಾಣಿ ಕಂಡರೆ ಇದ್ದಿಲ ಚೂರು. ಸುಳ್ಳು ಹೇಳಿದವರಿಗೆ ಮರುದಿನ ದೋಸೆಯಿಲ್ಲ. ನೋಡುವುದಕ್ಕೆ ಚಂದವಿತ್ತು. ಅದೇ ನಕಾಶೆ ನಮ್ಮ ಎದೆ ನಡುಗಿಸುತ್ತದೆ ಎಂದು ಯಾರಿಗೆ ಗೊತ್ತಿತ್ತು!

ಎರಡು ವರ್ಷದ ಹಿಂದಿನ ಮಾತು. ಸಂಕ್ರಾಂತಿ ಕಳೆದು ಬಿಸಿಲು ಬಲಿತಿತ್ತು. ಕಾಡಿನಲ್ಲಿ ಎಲೆ ಉದುರಿ, ಹೆಂಗಸರೆಲ್ಲ ಗುಡ್ಡಕ್ಕೆ ಹೋಗಿ ದರಕು ಗುಡಿಸಿ ತರುವ ಕಾಲ. ಆ ಒಣಗಿದ ಎಲೆಯನ್ನೇ ನಾವು ಕೊಟ್ಟಿಗೆಗೆ ಹಾಸುವುದು. ಆಗ ಮೊದಲ ಇದ್ದಿಲ ಚೂರು ನಕಾಶೆಯಲ್ಲಿ ಗುಡ್ಡದ ನೆತ್ತಿಗೆ ಬಿತ್ತು. ದನ ಹೊಡೆದುಕೊಂಡು ಹೋದ ಹುಡುಗಿಯೊಬ್ಬಳು ಸತ್ತ ಮಂಗ ನೋಡಿದ್ದಳು. ಸ್ವಲ್ಪ ದಿನಕ್ಕೆ ಇನ್ನೊಂದು, ಬಿದಿರ ಹಿಂಡಿನ ಹತ್ತಿರ. ಆಮೇಲೆ ಹಳ್ಳದ ಮೇಲ್ಗಡೆ ಒಂದು. ಅಕ್ಕೋರು ಮಕ್ಕಳನ್ನು ಮನೆಗೆ ಕಳಿಸಿ ನನ್ನನ್ನು ಕೂಗಿದರು.

“ಇಲ್ಲಿ ನಿಂತ್ಕಂಡು ನೋಡು” ಎಂದರು. ನೋಡಿದೆ. ಚೂರುಗಳು ಒಂದರ ಕೆಳಗೊಂದು ಇಳಿಯುತ್ತ ಬಂದಿದ್ದವು. ಕಡೆಯ ಚೂರಿಗೂ ನಮ್ಮ ಮನೆಗೂ ನಡುವೆ ಉಳಿದದ್ದು ಒಂದು ಗೇಣು.

“ಇದು ಮಂಗನ ಕಾಯ್ಲೆ ಕೂಸೇ. ಮೇಲಿಂದ ನಮ್ಮ ಬದಿಗೇ ಇಳೀತಾ ಇದ್ದು.”

ಹೆಸರು ಕೇಳದವಳೇನೂ ನಾನಲ್ಲ. ಆದರೆ ಅದು ಆಚೆ ಸೀಮೆಯ ಕಾಯಿಲೆ ಎಂದೇ ನಮ್ಮ ಕೇರಿಯ ನಂಬಿಕೆ. ಕಾಯಿಲೆಗೆ ಸೀಮೆ ಗೊತ್ತಾ? ಅಕ್ಕೋರು ಆರೋಗ್ಯ ಕೇಂದ್ರಕ್ಕೆ ಫೋನು ಮಾಡಿದರು. ಮನೆಮನೆಗೆ ಹೋಗಿ ದರಕಿಗೆ ಹೋಗಬೇಡಿ ಎಂದರು. “ದರಕು ತರದಿದ್ರೆ ಕೊಟ್ಟಿಗೆಗೆ ನಿಮ್ಮ ನಕಾಶೆ ಹಾಸೋದಾ?” ಎಂದು ಕೆಲವರು ನಕ್ಕರು. ನಮ್ಮ ಅಂಗಳದ ದರಕಿನ ರಾಶಿಯನ್ನು ನಾನು ಅವತ್ತಿನಿಂದ ಮುಟ್ಟಲಿಲ್ಲ. ಮಗಳು ರಾತ್ರಿ ಮಗ್ಗುಲಾದಾಗಲೆಲ್ಲ ಹಣೆ ಮುಟ್ಟಿ ನೋಡುತ್ತಿದ್ದೆ.

ಒಂದು ಬೆಳಿಗ್ಗೆ ಕೇರಿಯ ಕೊನೆಯ ಹಲಸಿನ ಮರದ ಬುಡದಲ್ಲಿ ಮಂಗ ಸತ್ತು ಬಿದ್ದಿತ್ತು, ದೊಡ್ಡ ಗಂಡು ಮಂಗ. ಅದನ್ನು ಕಾಗೆ ನಾಯಿಗೆ ಬಿಡುವುದು ನಮ್ಮಲ್ಲಿ ಇಲ್ಲ. ಮಂಗ ಎಂದರೆ ಮಾರುತಿ. ಅರಿಶಿನ ಕುಂಕುಮ ಹಚ್ಚಿ, ಕೆಂಪು ವಸ್ತ್ರ ಹೊದೆಸಿ, ಕಾಯಿ ಒಡೆದು, ಭಜನೆ ಹೇಳಿ ಮಣ್ಣು ಮಾಡಬೇಕು. ಮಕ್ಕಳಿಂದಲೂ ಹೂವು ಹಾಕಿಸಬೇಕು. ಕೇರಿಗೆ ಹಿರಿಯರಾದ ಮೇಲಿನ ಮನೆಯ ಅಜ್ಜ ಜಾಗಟೆ ಹಿಡಿದು ಹೊರಟೇಬಿಟ್ಟರು. ಹಿಂದೆ ಇಡೀ ಕೇರಿ ಹೊರಟಿತು. ವಸ್ತ್ರ ಹೊಲಿಯುವವಳು ನಾನಾದ್ದರಿಂದ ಕೆಂಪು ಬಟ್ಟೆ ನನ್ನ ಹೆಗಲಿನಲ್ಲಿತ್ತು, ಮಗಳ ಕೈಯಲ್ಲಿ ದಾಸವಾಳ. ಕಾಯಿಲೆಯ ಹೆದರಿಕೆ ಇರಲಿಲ್ಲವಾ ಎಂದರೆ, ಇತ್ತು. ಶಾಪದ ಹೆದರಿಕೆ ಅದಕ್ಕಿಂತ ದೊಡ್ಡದಾಗಿತ್ತು.

ಹೋಗಿ ನೋಡಿದರೆ ಅಕ್ಕೋರು ನಮಗಿಂತ ಮೊದಲೇ ಅಲ್ಲಿದ್ದರು. ಬುಟ್ಟಿಯ ತುಂಬ ಬೂದಿ ತಂದು, ಒಣಗಿದ ಎಲೆಗಳ ಮೇಲೆಯೇ ನಡೆಯುತ್ತ, ಮರದ ಸುತ್ತ ದೊಡ್ಡದೊಂದು ಬಳಸು ಹಾಕಿ ಬಿಳಿ ಗೆರೆ ಎಳೆಯುತ್ತಿದ್ದರು. ಗೆರೆ ಕೂಡಿದ ಮೇಲೆ ಒಳಗೇ ಉಳಿದು ನಮ್ಮ ಕಡೆ ತಿರುಗಿದರು.

“ಮುಟ್ಟಡಿ! ಮಕ್ಳೇ, ಇದು ಗಡಿ. ಪಾಸು ಇಲ್ದೆ ದಾಟಲಾಗ.”

“ಅಕ್ಕೋರೆ, ಇದೆಂತ ಹುಡುಗಾಟ?” ಎಂದರು ಅಜ್ಜ. “ಮಾರುತಿ ನಮ್ಮ ಕೇರಿಗೆ ಬಂದು ಜೀವ ಬಿಟ್ಟಿದ್ದ. ಹಾಂಗೇ ಬಿಟ್ರೆ ಕೇರಿ ಉಳೀತಾ?”

“ಅಜ್ಜ, ಮೈ ತಣ್ಣಗಾದ ಕೂಡ್ಲೆ ಅದ್ರ ಮೈಮೇಲಿನ ಉಣುಗು ಕೆಳಗಿಳಿತು. ಇಳಿದದ್ದು ಇನ್ನೊಂದು ಬೆಚ್ಚನೆ ಮೈ ಹುಡುಕ್ತು. ಆ ಉಣುಗು ಕಚ್ಚಿದ್ರೇ ಕಾಯ್ಲೆ. ನಿಂಗಳ ಹಿಂದೆ ಎಷ್ಟು ಬೆಚ್ಚನೆ ಮೈ ಇದ್ದು, ತಿರುಗಿ ನೋಡಿ.”

ಅಜ್ಜ ತಿರುಗಿ ನೋಡಲಿಲ್ಲ. ಜಾಗಟೆ ಬಾರಿಸಿ ಒಂದು ಹೆಜ್ಜೆ ಮುಂದೆ ಇಟ್ಟರು. ಆಗ ನನ್ನ ಮಗಳು ಕೈ ಬಿಡಿಸಿಕೊಂಡು ಓಡಿದಳು. ನನ್ನ ಜೀವ ಬಾಯಿಗೆ ಬಂತು. ಅವಳು ಗೆರೆಯ ಈಚೆಗೇ ನಿಂತು ಎರಡೂ ಕೈ ಅಗಲಿಸಿ, “ಅಜ್ಜ, ಗಡಿ! ದಾಟಿದ್ರೆ ಔಟು!” ಎಂದಳು. ಉಳಿದ ಮಕ್ಕಳೂ ಓಡಿ ಬಂದು ಸಾಲಾಗಿ ನಿಂತವು. ಅವಕ್ಕೆ ಅದು ಆಟವೇ. ಸಾಲಿನಲ್ಲಿದ್ದ ಸ್ವಂತ ಮೊಮ್ಮಗಳನ್ನು ತಳ್ಳಿ ಹೋಗುವುದು ಹೇಗೆ? ಅಜ್ಜ ನಿಂತರು. ದೂರದಿಂದಲೇ ಕಾಯಿ ಒಡೆದು, ಕೆಟ್ಟ ಮುಖ ಮಾಡಿಕೊಂಡು ಎಲ್ಲರೂ ಮನೆಗೆ ಹೋದರು.

“ನೀವೂ ಬನ್ನಿ ಅಕ್ಕೋರೆ” ಎಂದೆ.

“ಆನು ಹೋದ ಮೇಲೆ ಜನ ತಿರುಗಿ ಬರ್ತ. ಈಗ್ಲೇ ನನ್ನ ಸೀರೆಗೆ ಉಣುಗು ಹತ್ತಿರ್ತು, ನಿಂಗಳ ಹತ್ರ ಬಪ್ಪಲಾಗ. ಆರೋಗ್ಯ ಇಲಾಖೆಯವ್ರು ಬಪ್ಪಲ್ಲಿವರೆಗೆ ಇಲ್ಲೇ ಕೂತಿರ್ತೆ. ನೀನು ಕೂಸಿನ ಕರ್ಕಂಡು ಹೋಗು. ಬಿಸಿನೀರಲ್ಲಿ ಮೀಸಿ, ಬಟ್ಟೆ ಕುದಿಸು.”

ಇಲಾಖೆಯವರು ಬಂದಾಗ ಹೊತ್ತು ಪಶ್ಚಿಮಕ್ಕೆ ವಾಲಿತ್ತು. ಅಲ್ಲಿವರೆಗೂ ಅಕ್ಕೋರು ಗೆರೆಯ ಒಳಗೆ, ಆ ಎಲೆಗಳ ಮೇಲೆ ಕೂತಿದ್ದರು. ಮನೆಗೆ ಬಂದು ಅವರೂ ಮಿಂದರು, ಸೀರೆ ಕುದಿಸಿದರು. “ನಂಗೆಂತಾಗ್ತಿಲ್ಲೆ, ಮುದಿ ರಕ್ತ ಉಣುಗಿಗೆ ಸೇರ್ತಿಲ್ಲೆ” ಎಂದು ನಗಾಡಿದರು. ನನಗೆ ನಗು ಬರಲಿಲ್ಲ. ಅವರ ಹಿಮ್ಮಡಿಯ ಮೇಲೆ ಕೆಂಪಗಿನ ಒಂದು ಚುಕ್ಕಿ ನೋಡಿದ್ದೆ.

ವಾರ ಕಳೆಯುವುದರೊಳಗೆ ಜ್ವರ ಬಂತು. ಸೊಂಟ ಕಡಿದು ಹೋಗುವಂಥ ನೋವು, ಕಣ್ಣು ಕೆಂಡ. ಮೊದಲು ಸಿದ್ದಾಪುರದ ಆಸ್ಪತ್ರೆ, ಅಲ್ಲಿಂದ ಶಿವಮೊಗ್ಗ. ನಾನು ನೋಡಲು ಹೋದಾಗ ವಸಡಿನಲ್ಲಿ ರಕ್ತ ಒಸರುತ್ತಿತ್ತು. ಮಾತು ತೊದಲುತ್ತಿತ್ತು. ನನ್ನ ಕೈ ಹಿಡಿದು ಕೇಳಿದ್ದು ಒಂದೇ.

“ಕೂಸಿಗೆ ಜ್ವರ ಬಂಜಿಲ್ಲೆ ಅಲ್ದಾ?”

“ಇಲ್ಲೆ ಅಕ್ಕೋರೆ. ಯಾವ ಮಗುವಿಗೂ ಬಂಜಿಲ್ಲೆ.”

ಸ್ವಲ್ಪ ಹೊತ್ತಿಗೆ ಮತ್ತೆ ಅದನ್ನೇ ಕೇಳಿದರು. ಮತ್ತೆ ಹೇಳಿದೆ. ಬಾಗಿಲ ತನಕ ಹೋದವಳನ್ನು ಕೈಸನ್ನೆಯಲ್ಲಿ ಕರೆದು ಇನ್ನೊಂದು ಸಲ ಕೇಳಿದರು. ಹೊರಗೆ ಬಂದು ಗೋಡೆಗೆ ಹಣೆ ಹಚ್ಚಿ ಅತ್ತೆ.

ಅವರ ದೇಹವನ್ನು ಆಂಬುಲೆನ್ಸಿನಲ್ಲಿ ಮನೆಗೆ ತಂದದ್ದು ಮಾರನೆಯ ವಾರ, ಬೆಳಿಗ್ಗೆ. ಈ ಕಾಯಿಲೆ ಮನುಷ್ಯರಿಂದ ಮನುಷ್ಯರಿಗೆ ಅಂಟುವುದಿಲ್ಲ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಆಶಾ ಕಾರ್ಯಕರ್ತೆಯೂ ಮನೆಮನೆ ತಿರುಗಿ ಹೇಳಿದಳು. ಯಾರೂ ಬರಲಿಲ್ಲ. ಬಾಗಿಲು ಹಾಕಿಕೊಂಡರು. ಹೊರುವುದಕ್ಕೆ ಸಿರಸಿಯ ಅಣ್ಣನ ಮಗ, ನನ್ನ ಗಂಡ, ಆಂಬುಲೆನ್ಸಿನ ಚಾಲಕ. ನಾಲ್ಕನೇ ಹೆಗಲು ಸಿಗದೆ ನಾನೇ ಕೊಟ್ಟೆ. ಹೆಂಗಸು ಹೆಗಲು ಕೊಡಬಾರದು ಎಂದು ಹೇಳುವುದಕ್ಕೂ ಅಲ್ಲಿ ಜನ ಇರಲಿಲ್ಲ.

ಮೇಲಿನ ಮನೆಯ ಮುಂದೆ ಹಾಯುವಾಗ ಮಗಳು ನಡುದಾರಿಯಲ್ಲಿ ನಿಂತಳು. ಕಿಟಕಿಯ ಸಂದಿಯಲ್ಲಿ ಯಾರೋ ನೋಡುತ್ತಿರುವುದು ಅವಳಿಗೂ ಕಂಡಿರಬೇಕು.

“ಅಮಾ, ಮಂಗಂಗೆ ಎಲ್ಲಾ ಹೊರಟಿದ್ವಲೇ? ಅಕ್ಕೋರಿಗೆ ಎಂತಕ್ಕೆ ಬಂಜ್ವಿಲ್ಲೆ?”

ಗಟ್ಟಿಯಾಗಿ ಕೇಳಿದಳು. ಒಳಗಿನವರಿಗೆ ಕೇಳಿಸಿತು. ಕಿಟಕಿ ಮುಚ್ಚಿಕೊಂಡಿತು. ಸುಮ್ಮನಿರು ಎಂದು ನಾನು ಅವಳಿಗೆ ಹೇಳಲಿಲ್ಲ. ಹಾಗೆ ನಡುದಾರಿಯಲ್ಲಿ ನಿಂತು ಕೇಳುವುದಕ್ಕೆ ನನ್ನ ಮಗಳು ಜೀವಂತ ಉಳಿದಿದ್ದಳು, ಉಳಿಸಿದವರು ನನ್ನ ಹೆಗಲ ಮೇಲಿದ್ದರು.