ಕತ್ತರಿ ಮಾಸ್ತರ ಕಿವಿಯ ಹಿಂದೆ

ಕತ್ತರಿ ಮಾಸ್ತರು ಹಿಂದಿನ ಕೋಣೆಯನ್ನು ಬಾಡಿಗೆಗೆ ಕೇಳಿಕೊಂಡು ಬಂದ ದಿನ ಮೊದಲು ಮೂಗಿಗೆ ಬಡಿದದ್ದು ಅವರ ಚೀಲ. ಅದರ ತುಂಬ ಬಾಟಲಿ, ಡಬ್ಬಿ. ತಲೆಗೆ ಹಚ್ಚುವ ಬಣ್ಣ, ಗಡ್ಡದ ನೊರೆ, ಎಣ್ಣೆ. ಎಲ್ಲ ಸೇರಿ ಸತ್ತ ಇಲಿಗೆ ಅತ್ತರು ಹಾಕಿದ ಹಾಗಿತ್ತು. ಸಾಲದ್ದಕ್ಕೆ ಅವರ ಎರಡು ಕಿವಿಯ ಹಿಂದೆಯೂ ಕೂದಲು ಒಂದು ಕಡೆ ಕೆಂಪು, ಒಂದು ಕಡೆ ಕಂದು, ನಡುವೆ ನೇರಳೆ. ಏನೋ ಕಾಯಿಲೆ ಇರಬೇಕು ಎಂದು ನಾನು ಒಂದು ಹೆಜ್ಜೆ ಹಿಂದೆ ಸರಿದೆ.

"ಬೆಳಿಗ್ಗೆ ಬೆಳಕು ಚೆನ್ನಾಗಿ ಬರುತ್ತಾ ಅಮ್ಮ?" ಎಂದು ಕೇಳಿದರು. ನೀರು ಬರುತ್ತಾ ಎಂದು ಕೇಳದೆ ಬೆಳಕು ಕೇಳಿದ ಬಾಡಿಗೆಯವರು ಅವರೊಬ್ಬರೇ.

ಮುಖ್ಯ ಬೀದಿಯಲ್ಲಿ ಅವರದೊಂದು ಕಟಿಂಗ್ ಶಾಪ್ ಇತ್ತು. ಬೆರಳು ಮರಗಟ್ಟಿ ಕತ್ತಿ ಹಿಡಿಯಲಾಗದೆ ಮುಚ್ಚಿದ್ದರು. ಈಗ ಫೋನಿನ ಮುಂದೆ ಕೂತು ಯಾವ ಬ್ಲೇಡು ಒಳ್ಳೆಯದು, ಯಾವ ಬಣ್ಣ ಹಚ್ಚಬಹುದು ಎಂದು ಹೇಳುತ್ತಾರೆ. ಕೆಳಗೆ ಲಿಂಕ್ ಹಾಕುತ್ತಾರೆ. ಅದನ್ನು ಒತ್ತಿ ಯಾರಾದರೂ ಕೊಂಡರೆ ಕಂಪನಿಯವರು ಇವರಿಗೆ ಕಮಿಷನ್ ಕೊಡುತ್ತಾರೆ. ಅದಕ್ಕೆ ಅಫಿಲಿಯೇಟ್ ಎನ್ನುತ್ತಾರಂತೆ.

"ಅಂದ್ರೆ ದಲ್ಲಾಳಿ ಕೆಲ್ಸ," ಎಂದೆ. ನನ್ನ ಮುಖ ಹುಳಿ ತಿಂದಂತೆ ಆಗಿರಬೇಕು.

"ದಲ್ಲಾಳಿನೇ. ಆದ್ರೆ ಹುಡುಗನ್ನ ನೋಡದೇನೇ ಮದುವೆ ದಲ್ಲಾಳಿ ಹೊಗಳ್ತಾನಾ, ಹೇಳಿ?"

"ಹೊಗಳ್ತಾನೆ. ನನ್ನ ಮದುವೇಲೇ ಹೊಗಳಿದ್ದ."

ಮಾಸ್ತರು ಚೀಲ ಕೆಳಗಿಟ್ಟು ನಕ್ಕರು. ಕೋಣೆ ಕೊಟ್ಟೆ.

ಬೆಲ್ಲಕ್ಕೆ ನೊಣ ಮುತ್ತಿದ ಹಾಗೆ ಕಂಪನಿಯವರು ಅವರ ಫೋನಿಗೆ ಮುತ್ತುತ್ತಿದ್ದರು. ಸೇರಲು ಮೊದಲು ದುಡ್ಡು ಕಟ್ಟಿ ಎಂದವರನ್ನು ಅಲ್ಲೇ ಅಳಿಸುತ್ತಿದ್ದರು. "ಕೊಡ್ತೀನಿ ಅನ್ನೋನು ಮೊದ್ಲು ಯಾಕಮ್ಮ ಕೈ ಚಾಚ್ತಾನೆ?" ಮೂರು ಜನರನ್ನು ಸೇರಿಸಿ, ಆ ಮೂವರು ಇನ್ನೂ ಮೂವರನ್ನು ಸೇರಿಸಲಿ ಎಂದವರಿಗಂತೂ ಕಿಟಕಿಯಾಚೆ ಉಗಿದೇ ಉತ್ತರ. "ಇವ್ರು ಬಣ್ಣ ಮಾರೋರಲ್ಲ, ಜನರನ್ನ ಮಾರೋರು." ಕೊಂಡವರಿಗೆ ಹಿಡಿಸದಿದ್ದರೆ ವಾಪಸು ತೆಗೆದುಕೊಳ್ಳದವರೂ ಹೊರಗೆ.

ಉಳಿದವರಿಗೆ ಕಿವಿಯ ಪರೀಕ್ಷೆ. ಕಂಪನಿಯವರು ಒಂದು ಬಾಟಲಿ ಸ್ಯಾಂಪಲ್ ಕಳಿಸುತ್ತಿದ್ದರು. ಮಾಸ್ತರು ಅದನ್ನು ನಂಬುತ್ತಿರಲಿಲ್ಲ. "ಹೊಗಳೋನಿಗೆ ಕಳ್ಸೋ ಬಾಟಲಿ ಯಾವತ್ತೂ ಚೆನ್ನಾಗೇ ಇರುತ್ತೆ." ಅದಕ್ಕೇ ಅದೇ ಬಣ್ಣವನ್ನು ನನ್ನ ಹೆಸರಿನಲ್ಲಿ, ಯಾರೋ ಗಿರಾಕಿ ಕೊಂಡ ಹಾಗೆ ತರಿಸುತ್ತಿದ್ದರು. ಸ್ಯಾಂಪಲ್ ಎಡಕಿವಿಯ ಹಿಂದೆ, ಕೊಂಡದ್ದು ಬಲಕಿವಿಯ ಹಿಂದೆ. ಎರಡು ದಿನ ಕಾಯುವುದು. ಎರಡೂ ಒಂದೇ ಆಗಿದ್ದರೆ ಮಾತ್ರ ಲಿಂಕ್.

"ಇಷ್ಟೊಂದು ಯಾಕೆ ಮಾಸ್ತರೇ?" ಎಂದು ಒಮ್ಮೆ ಕೇಳಿದೆ.

"ನನ್ನ ಕತ್ತಿ ಕೆಳಗೆ ಕತ್ತು ಕೊಟ್ಟು ಕಣ್ಮುಚ್ಚಿ ಕೂರ್ತಿದ್ದ ಜನ ಅಮ್ಮ. ಈಗ ವಿಡಿಯೋ ನೋಡೋರೂ ಅವ್ರೇ."

ಹೀಗಿರುವಾಗ ಅವರ ತಮ್ಮ ಬಂದ. ತಂದೆ ಇಲ್ಲದ ಅವನನ್ನು ಸಾಕಿ ಓದಿಸಿದ್ದು ಮಾಸ್ತರೇ. ಬಣ್ಣ ಮಾಡುವ ಕಂಪನಿಯೊಂದರಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದ. ಇಂಥ ಲಿಂಕ್ ಹಾಕುವವರನ್ನು ಹಿಡಿದು ತರುವ ಕೆಲಸ. ಮಾತಂತೂ ಜೇನು ಸುರಿದ ಹಾಗೆ.

"ನಿನ್ನ ಬಾಯಿಂದ ಒಂದು ಮಾತು ಬಂದ್ರೆ ನನ್ನ ಕೆಲ್ಸ ಗಟ್ಟಿ ಅಣ್ಣ. ಇಲ್ಲಾಂದ್ರೆ ಮನೆಗೆ ಕಳಿಸ್ತಾರೆ. ಎರಡು ಮಕ್ಕಳು, ಗೊತ್ತಲ್ಲ ನಿಂಗೆ."

ಅವನ ತಲೆ ಕರ‍್ರಗೆ ಮಿಂಚುತ್ತಿತ್ತು. "ನೀನು ಇದನ್ನೇ ಹಚ್ಕೊಳ್ಳೋದೇನಪ್ಪ?" ಎಂದೆ.

"ಅಯ್ಯೋ ಇಲ್ಲಮ್ಮ, ನಂಗಿದು ಆಗಲ್ಲ. ಬೇರೆ ಕಂಪನೀದು ಹಚ್ಚೋದು," ಎಂದು ಹಲ್ಲು ಕಿರಿದ.

ಮಾಸ್ತರು ಸ್ಯಾಂಪಲ್ ಹಚ್ಚಿಕೊಂಡರು. "ಚೆನ್ನಾಗಿ ಹಿಡಿದಿದೆ ಕಣೋ," ಎಂದರು. ತಮ್ಮ ಅದನ್ನು ತನ್ನ ಫೋನಿನಲ್ಲಿ ವಿಡಿಯೋ ಹಿಡಿದುಕೊಂಡ. "ಇನ್ನೊಂದು ಬಾಟಲಿ ಬರ್ಲಿ, ಆಮೇಲೆ ಹೇಳ್ತೀನಿ," ಎಂದು ಮಾಸ್ತರು ಅವನನ್ನು ಕಳಿಸಿದರು.

ಇನ್ನೊಂದು ಬಾಟಲಿ ನನ್ನ ಹೆಸರಿಗೆ ಬಂತು. ಅದೇ ಚೀಟಿ, ಅದೇ ಮುಚ್ಚಳ. ತೆಗೆದರೆ ಕಣ್ಣು ಉರಿಯಿತು. ಮಾರನೆಯ ದಿನಕ್ಕೆ ಮಾಸ್ತರ ಬಲಕಿವಿಯ ಹಿಂದೆ ಗುಳ್ಳೆ ಎದ್ದು ಒಡೆದು ನೀರು ಸೋರುತ್ತಿತ್ತು. ಒದ್ದೆ ಬಟ್ಟೆ ಒತ್ತಿಕೊಂಡೇ ತಮ್ಮನಿಗೆ ಫೋನ್ ಮಾಡಿದರು. ಅವನ ಮಾತು ನನಗೂ ಕೇಳುತ್ತಿತ್ತು.

"ಮಾರೋದು ಸ್ವಲ್ಪ ಖಾರ ಅಣ್ಣ. ಸ್ಯಾಂಪಲ್ ಬೇರೆ ಮಾಡ್ತಾರೆ."

"ನಿಂಗೆ ಗೊತ್ತಿತ್ತಾ?"

"ಕೆಲವ್ರಿಗೆ ಆಗದೇ ಇರಬಹುದು ಅಂತ ಕೆಳಗೆ ಸಣ್ಣಕ್ಷರದಲ್ಲಿ ಬರೆದ್ರಾಯ್ತು ಬಿಡು."

"ಲಿಂಕ್ ಹಾಕಲ್ಲ," ಎಂದು ಮಾಸ್ತರು ಫೋನ್ ಇಟ್ಟರು. ಅಲ್ಲಿಗೆ ಮುಗಿಯಿತು ಎಂದುಕೊಂಡೆ.

ಮುಗಿದಿರಲಿಲ್ಲ. ಸ್ವಲ್ಪ ದಿನದಲ್ಲಿ ಬೀದಿ ಕೊನೆಯ ಟೈಲರಮ್ಮ ತಲೆಗೆ ಬಟ್ಟೆ ಸುತ್ತಿಕೊಂಡು ಬಂದಳು. ಕಣ್ಣು ಬಾತು ಸೀಳಾಗಿದ್ದವು. ಬಟ್ಟೆ ತೆಗೆದರೆ ಹಣೆಯ ಮೇಲಿನ ಕೂದಲ ಬುಡದಲ್ಲೆಲ್ಲ ಹಳದಿ ರಸಿಕೆ. ನೋಡಲಾಗಲಿಲ್ಲ. ತಮ್ಮ ಹಿಡಿದುಕೊಂಡಿದ್ದ ಆ ವಿಡಿಯೋ ತುಣುಕನ್ನು ಕಂಪನಿಯವರೇ ಲಿಂಕ್ ಸಮೇತ ಬಿಟ್ಟಿದ್ದರು.

"ನೀವು ಹೇಳಿದ್ರಿ ಅಂತಲೇ ಹಚ್ಕೊಂಡೆ ಮಾಸ್ತರೇ," ಎಂದಳು. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಅವಳನ್ನು ಡಾಕ್ಟರ ಹತ್ತಿರ ಬಿಟ್ಟು ಬಂದು ಮಾಸ್ತರು ತಮ್ಮನಿಗೆ ಫೋನಿನಲ್ಲಿ ಹೇಳಿದರು, "ಅದನ್ನ ಈಗಲೇ ತೆಗೆಸು."

"ನನ್ನ ಕೈಲಿಲ್ಲ ಅಣ್ಣ. ನೀನು ಬಾಯಿ ಬಿಟ್ರೆ ಮೊದ್ಲು ನನ್ನನ್ನೇ ಹೊರಗೆ ಹಾಕ್ತಾರೆ. ಸುಮ್ನಿದ್ಬಿಡು."

"ಥೂ!" ಎಂದೆ ನಾನು, ಅವನಿಗೂ ಕೇಳಲಿ ಎಂದೇ. ಹಾಲೆರೆದ ಕೈಯನ್ನೇ ಕಚ್ಚುವ ಜಾತಿ. ಮಾಸ್ತರು ನನ್ನ ಮುಖ ನೋಡಿ ಫೋನ್ ಇಟ್ಟರು. ಆ ದಿನ ಅವರ ಊಟದ ತಟ್ಟೆ ಹಾಗೇ ಇತ್ತು.

ಆಮೇಲೆ ಅವರು ನಮ್ಮಲ್ಲಿ ಬಹಳ ದಿನ ಇರಲಿಲ್ಲ, ಮಗಳ ಮನೆ ಸೇರಿದರು. ಹೊರಡುವಾಗಲೂ ಏನೂ ಕೇಳಲಿಲ್ಲ. ಅವರು ನನ್ನನ್ನು ಕೊನೆಯದಾಗಿ ಕೇಳಿದ್ದು ತಟ್ಟೆ ಹಾಗೇ ಉಳಿದ ದಿನದ ಮಾರನೆಯ ಬೆಳಿಗ್ಗೆ. ಎರಡೂ ಬಾಟಲಿಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು, ಫೋನಿನಲ್ಲಿ ವಿಡಿಯೋ ಶುರು ಮಾಡಲು ಸಜ್ಜು ಮಾಡಿ ನನ್ನ ಕೈಗೆ ಕೊಟ್ಟರು.

"ಇದನ್ನೆಲ್ಲ ಹತ್ತಿರದಿಂದ ತೋರಿಸ್ಬೇಕಮ್ಮ, ನನ್ನ ಬೆರಳಲ್ಲಿ ಆಗಲ್ಲ. ತಮ್ಮನ ವಿಷಯ ಬಂದಾಗ ನನ್ನ ಮಾತು ನಿಂತ್ರೂ ನೀವು ನಿಲ್ಲಿಸ್ಬೇಡಿ. ಹಿಡ್ಕೊಂಡೇ ಇರ್ತೀರಾ?"